ಗೇಣುದ್ದದ ಗೀರು

ದಾವಣಗೆರೆಯ ಹಲ್ಲಿನ ಡಾಕ್ಟರು ಶಿವಯೋಗಪ್ಪನವರ ಶೆಡ್ಡಿನಲ್ಲಿ ಎರಡು ಐಷಾರಾಮಿ ಸೆಡಾನ್ ಕಾರುಗಳಿದ್ದವು. ಬೂದು ಕಾರಿಗೆ ಹತ್ತು ವರ್ಷ. ಬಿಳಿ ಕಾರು ಬಂದು ಆರು ತಿಂಗಳು.

"ನಿನ್ನ ಮೈಮೇಲೆ ಎಷ್ಟೊಂದು ಗೀರು! ನನ್ನ ಮೈಯಲ್ಲಿ ಒಂದು ತೋರಿಸು ನೋಡೋಣ," ಎಂದಿತು ಬಿಳಿ ಕಾರು. "ನನ್ನ ಸೀಟೂ ನಿನ್ನದಕ್ಕಿಂತ ಮೆತ್ತಗೆ."

"ಇರಬಹುದು. ಕೂತವರು ಏನೆಂದರು?" ಎಂದು ಬೂದು ಕಾರು ಕೇಳಿತು.

ಬಿಳಿ ಕಾರಿನ ಸೀಟುಗಳ ಮೇಲೆ ಶೋರೂಮಿನ ಪ್ಲಾಸ್ಟಿಕ್ ಇನ್ನೂ ಹಾಗೇ ಇತ್ತು. ಗೀರು ಬಿದ್ದೀತೆಂಬ ಭಯಕ್ಕೆ ಡಾಕ್ಟರು ಎಲ್ಲಿಗೆ ಹೋದರೂ ಬೂದು ಕಾರನ್ನೇ ಒಯ್ಯುತ್ತಿದ್ದರು. ಪೂಜೆಗೆಂದು ಗುಡಿಯವರೆಗೆ ಹೋಗಿಬಂದದ್ದೇ ಬಿಳಿ ಕಾರಿನ ದೇಶಸಂಚಾರ.

"ನಿಜ ಹೇಳಲೇ?" ಎಂದಿತು ಅದು ಕೊನೆಗೆ. "ಹೀಗೆ ನಿಂತಲ್ಲೇ ನಿಂತು ಗುಜರಿ ಸೇರುತ್ತೇನೇನೋ ಎಂದು ನನಗೆ ಹೆದರಿಕೆ."

ಆ ಭಾನುವಾರ ಡಾಕ್ಟರು ಎಂದಿನಂತೆ ಬಿಳಿ ಕಾರಿನ ಧೂಳು ಒರೆಸಲು ಬಂದರು. ಬಾಗಿಲು ಉಜ್ಜುವಾಗ ಅವರ ಉಂಗುರವೇ ತಗುಲಿ ಗೇಣುದ್ದದ ಗೀರು ಬಿತ್ತು. ಡಾಕ್ಟರು ತಲೆ ಮೇಲೆ ಕೈ ಹೊತ್ತು ಕೂತರು. ಬಹಳ ಹೊತ್ತಿನ ಮೇಲೆ ಎದ್ದು, ಸೀಟಿನ ಪ್ಲಾಸ್ಟಿಕ್ಕನ್ನೆಲ್ಲ ಪರಪರನೆ ಹರಿದೆಸೆದರು.

"ಅವ್ವಾ, ಬಾ, ಹರಿಹರಕ್ಕೆ ಹೋಗಿ ಬರಾಣ. ಇನ್ನ ಇದನ್ನ ಕಾಯೋದೇನೈತಿ?"

ಅವ್ವ ಹಿಂದಿನ ಸೀಟಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, "ಏನ್ ಮೆತ್ತಗೈತೋ!" ಎಂದರು.

ಗೇಟು ದಾಟುವಾಗ ಬಿಳಿ ಕಾರು ಹಿಂದಕ್ಕೆ ಕೂಗಿ ಹೇಳಿತು:

"ಅಂತೂ ಒಂದು ಗೀರು ಬಿತ್ತಣ್ಣಾ, ಬದುಕಿದೆ!"