ಬಾಳವ್ವನ ನಾಲಿಗೆಯ ಕೆಳಗಿನ ಒರತೆ

ಲೋಕ ಇನ್ನೂ ಹಸಿಹಸಿಯಾಗಿತ್ತು. ಬೆಟ್ಟಗಳ ಮೈ ಪೂರ್ತಿ ಆರಿರಲಿಲ್ಲ. ಆಗ ಎಲ್ಲರ ಬಾಯೂ ಬೇಸಿಗೆಯ ಕೆರೆಯ ಹಾಗೆ ಒಣಒಣ. ರೊಟ್ಟಿ ತಿನ್ನಬೇಕೆಂದರೆ ತುತ್ತಿಗೊಂದು ಗುಟುಕು ನೀರು ಬೇಕೇ ಬೇಕು.

ಆ ಕಾಲದ ಹುಡುಗಿ ಬಾಳವ್ವ. ಪಾತ್ರೆ ತಿಕ್ಕುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಹುಣಸೆಹಣ್ಣು ಸವರಿ, ಹೊಳೆಯ ಮರಳು ಹಾಕಿ ತಿಕ್ಕಿದಳೆಂದರೆ ಹಿತ್ತಾಳೆ ಕೊಡ ಫಳಫಳ. ಅವಳಿಗೆ ಆಗಷ್ಟೇ ಹೊಸ ಹಲ್ಲು ಬಂದಿದ್ದವು. ವರ್ಷದ ಮೊದಲ ಕಬ್ಬನ್ನು ಹೊಸ ಹಲ್ಲಿನವರೇ ಸಿಗಿಯಬೇಕು, ಆಮೇಲೆಯೇ ಉಳಿದವರ ಬಾಯಿಗೆ ಕಬ್ಬು. ಅದು ಊರಿನ ಪದ್ಧತಿ. ಈ ವರ್ಷ ಸರದಿ ಬಾಳವ್ವನದು! ಅವಳು ನಿಂತಲ್ಲಿ ನಿಲ್ಲಲಾರಳು, ಕೂತಲ್ಲಿ ಕೂರಲಾರಳು.

'ಕೊಡ ಹೊಳೆಯುತ್ತದೆ, ಹಲ್ಲೇಕೆ ಹೊಳೆಯಬಾರದು?' ಎಂದುಕೊಂಡಳು ನಮ್ಮ ಜಾಣೆ. ಹುಣಸೆಹಣ್ಣು ಸವರಿದಳು, ಮರಳು ಹಾಕಿದಳು, ಗಸಗಸ ತಿಕ್ಕಿದಳು. ಹೊಳೆಯಲ್ಲಿ ಇಣುಕಿದರೆ ಹಲ್ಲು ಫಳಫಳ! ಬಾಯ್ತುಂಬ ನಕ್ಕಳು.

ಅಷ್ಟರಲ್ಲಿ ಗಾಳಿ ಹಾದುಹೋಯಿತು. ಹಲ್ಲೆಲ್ಲ ಜುಮ್ಮೆಂದವು. ನೀರು ಕುಡಿದಳು, ಜುಮ್ಮೆಂದವು. ರೊಟ್ಟಿ ಕಚ್ಚಿದಳು, ಜುಮ್ಮೆಂದವು.

"ನಾ ಏನೂ ಮಾಡಿಲ್ಲ ಯವ್ವಾ," ಎಂದಿತು ಗಾಳಿ. "ನಿನ್ನ ಹಲ್ಲಿನ ಮ್ಯಾಲಿನ ಕಲ್ಲಿನ ಹೊದಿಕಿ ಸವದೈತಿ."

ಅಜ್ಜಿ ಬಂದು ಬಾಯಿ ತೆರೆಸಿ ನೋಡಿದಳು. "ಕೊಡ ಸವದ್ರ ಕಂಚುಗಾರ ಹೊಸಾದು ಕೊಡ್ತಾನ. ಹಲ್ಲು ಸವದ್ರ ಯಾರು ಕೊಡ್ತಾರ? ಕಬ್ಬಿಗೆ ಇನ್ನ ಎಂಟ ದಿನ ಐತಿ. ಬ್ಯಾರೆ ಹುಡುಗಿಗೆ ಹೇಳಬೇಕಾತು."

ಬಾಳವ್ವನಿಗೆ ಎದೆ ಒಡೆದಂತಾಯಿತು. ಅಳುತ್ತಲೇ ಬಚ್ಚಲ ಹಂಡೆ ತಿಕ್ಕಲು ಕೂತಳು. ಹಂಡೆಯ ಒಳಗೆ ಬಿಳಿಯ ಗಟ್ಟಿ ಪದರ. ಇವತ್ತು ತಿಕ್ಕಿ ತೆಗೆದರೆ ನಾಲ್ಕು ದಿನಕ್ಕೆ ಮತ್ತೆ ಹಾಜರು. ಅದನ್ನು ಕಂಡರೆ ಅವಳಿಗೆ ಯಾವಾಗಲೂ ಸಿಟ್ಟು. ಆದರೆ ಇವತ್ತು ಕೈ ತಟ್ಟನೆ ನಿಂತಿತು. ಒರತೆಯ ನೀರು ಹಂಡೆಗೆ ಕಲ್ಲು ಕಟ್ಟುತ್ತದೆ! ಹಾಗಾದರೆ ಹಲ್ಲಿಗೆ?

ಹೊಳೆಯ ದಂಡೆಯಲ್ಲಿದ್ದ ಒರತೆಯ ಬಳಿಗೆ ಒಂದೇ ಉಸಿರಿಗೆ ಓಡಿದಳು. "ಒರತೆವ್ವಾ, ಹಂಡ್ಯಾಗ ಕಲ್ಲು ಕಟ್ಟಾಕಿ ನೀನ ಅಲ್ಲೇನು? ನನ್ನ ಹಲ್ಲಿಗೂ ಕಟ್ಟವಾ."

"ಬೆಟ್ಟದ ಕಲ್ಲು ಕರಗಿಸಿ ತರೂದ ನನ್ನ ಕೆಲಸ," ಎಂದಿತು ಒರತೆ. "ಆದ್ರ ಒಮ್ಮೆ ಬಂದು ಹೋದ್ರ ಆಗೂದಿಲ್ಲ. ನಿನ್ನ ನಾಲಿಗಿ ಕೆಳಗ ಜಾಗಾ ಕೊಡು. ಎಂಟ ದಿನ ಹುಳಿ ಬ್ಯಾಡ, ಮರಳು ಬ್ಯಾಡ. ಹೋದದ್ದನ್ನ ಪೂರ್ತಿ ತರಾಕ ಆಗೂದಿಲ್ಲ. ಉಳದದ್ದನ್ನ ಗಟ್ಟಿ ಮಾಡತೀನಿ."

ಬಾಳವ್ವ ಬಾಯಿ ತೆರೆದಳು. ಒರತೆ ಒಳಗೆ ಹೋಗಿ ಕೂತಿತು. ಹಗಲೂ ಸವರಿತು, ಇರುಳೂ ಸವರಿತು. ಹುಣಸೆಹಣ್ಣು ಕಂಡರೆ ಬಾಳವ್ವ ಮುಖ ತಿರುಗಿಸಿದಳು.

ಎಂಟನೆಯ ದಿನ ಗಾಳಿ ಬಂತು. ಹಲ್ಲು ಜುಮ್ಮೆನ್ನಲಿಲ್ಲ! ಬಾಳವ್ವ ಅಜ್ಜಿಯ ಕೈಯಲ್ಲಿದ್ದ ಕಬ್ಬು ಕಸಿದುಕೊಂಡು ಕಚ್ಚಿದಳು. ಚರ್ರೆಂದು ಸಿಪ್ಪೆ ಸಿಗಿದು ಬಂತು. ಅಜ್ಜಿಯ ಕಣ್ಣು ಒದ್ದೆಯಾಯಿತು. ಊರವರೆಲ್ಲ ತಮಗೂ ಒರತೆ ಬೇಕೆಂದು ಸಾಲಾಗಿ ನಿಂತರು. ಒರತೆ ಯಾರಿಗೂ ಇಲ್ಲವೆನ್ನಲಿಲ್ಲ.

ಆದರೆ ಬಾಳವ್ವನ ಹಲ್ಲು ಸವೆಸಿದ ಆ ಹುಳಿಯನ್ನು ಒರತೆ ಇನ್ನೂ ಮರೆತಿಲ್ಲ. ಅದಕ್ಕೇ ನೋಡು ಮಗಾ, ಹುಣಸೆಹಣ್ಣು ಬಾಯಿಗೆ ಬರುವುದೇ ಬೇಡ, ಕಣ್ಣಿಗೆ ಬಿದ್ದರೂ ಸಾಕು, ನಿನ್ನ ಹಲ್ಲು ಕಾಯಲು ಒರತೆ ಓಡೋಡಿ ಬರುತ್ತದೆ, ಬಾಯ್ತುಂಬ ನೀರೂರುತ್ತದೆ.