ಹವಳಗಳಿಗೆ ನಡೆದ ಉಪಚಾರ

ಇದು ನಡೆದದ್ದು ಮಠದ ಬೇಸಿಗೆ ಪಾಠಶಾಲೆಯ ಮೂರನೆಯ ವಾರದಲ್ಲಿ. ಬೆಳಗಿನ ತರಗತಿಯನ್ನು ಗುರುಗಳು ಶಿಷ್ಯ ಮುಕ್ಕಣ್ಣನಿಗೆ ಒಪ್ಪಿಸಿ ನೋಡುತ್ತಿದ್ದರು. ಮುಂದೆಯೂ ಅದು ಅವನಿಗೇ ಉಳಿಯುವುದೋ ಇಲ್ಲವೋ ಎಂಬುದನ್ನು ಅಂದು ಸಂಜೆ ಹೇಳುವವರಿದ್ದರು. ಮುಕ್ಕಣ್ಣ ಕರೆಯುವ ಮೊದಲೇ ಬಂದು ಕೂತ.

“ಗುರುಗಳೇ, ಮೊದಲ ವಾರ ಮಕ್ಕಳು ಪ್ರಶ್ನೆ ಕೇಳಿ ಕೇಳಿ ನನ್ನನ್ನು ಹೈರಾಣ ಮಾಡಿಬಿಟ್ಟರು. ಈಗ ಬೆಳಗಿನಿಂದ ಊಟದ ಗಂಟೆಯವರೆಗೆ ಬಿಡುವಿಲ್ಲದೆ ಪಾಠ ಹೇಳುತ್ತೇನೆ. ಒಬ್ಬರೂ ಬಾಯಿ ಬಿಡುವುದಿಲ್ಲ. ಎಲ್ಲವೂ ತಿಳಿದುಬಿಟ್ಟಿದೆ ಎಂದುಕೊಳ್ಳಬಹುದೇ?”

ಹೌದು ಎಂಬ ಉತ್ತರಕ್ಕೆ ಅವನು ಆಗಲೇ ವಿನಯದ ಮುಖ ಮಾಡಿಕೊಂಡಿದ್ದ. ಗುರುಗಳು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಉಪಚಾರಕ್ಕೆ ಹೆಸರಾದವನು. ಅವನ ಮನೆಯಲ್ಲಿ ಉಣ್ಣುವವರು ಸಾಕೆಂದು ಎಲೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ತುಪ್ಪ ಇಳಿಯುತ್ತಿತ್ತು. ಅವನು ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿಸಿ, ಜೀವಂತ ಹವಳಗಳನ್ನು ತಂದು ಕೂರಿಸಿದ. ಮೇಲೆ ಎಲ್‌ಇಡಿ ದೀಪ ಕಟ್ಟಿಸಿದ. ದೀಪಕ್ಕೆ ಒಂದು ಟೈಮರು, ಬೆಳಕು ಏರಿಸಿ ಇಳಿಸಲು ಒಂದು ಗುಂಡಿ. ಗುಂಡಿಯ ಸುತ್ತ ಸೊನ್ನೆಯಿಂದ ನೂರರವರೆಗೆ ಗುರುತು.

ಹವಳ ಮಾರಿದ ಹೆಂಗಸು ಹೇಳಿದಳು: “ಅಣ್ಣಾ, ಇವಕ್ಕೆ ಹೊಸ ಜಾಗ. ಮೊದಲು ಇಪ್ಪತ್ತರಲ್ಲಿಡಿ. ವಾರವಾರಕ್ಕೂ ಸ್ವಲ್ಪ ಏರಿಸಿ. ರಾತ್ರಿ ಪೂರ್ತಿ ಆರಿಸಿ.”

“ಬಂದವರಿಗೆ ಅರೆಹೊಟ್ಟೆ ಹಾಕಿ ನಮಗೆ ಗೊತ್ತಿಲ್ಲಮ್ಮ. ಕತ್ತಲಲ್ಲಿ ಕೂರಿಸಿಯೂ ಗೊತ್ತಿಲ್ಲ” ಎಂದ ವ್ಯಾಪಾರಿ. ಗುಂಡಿಯನ್ನು ನೂರಕ್ಕೆ ತಿರುಗಿಸಿದ. ಟೈಮರನ್ನು ಕಿತ್ತು ಮೊಳೆಗೆ ನೇತುಹಾಕಿದ. ಕರೆಂಟು ಹೋದಾಗಲೂ ಕೊರತೆಯಾಗಬಾರದೆಂದು ದೀಪವನ್ನು ಮನೆಯ ಇನ್ವರ್ಟರಿಗೆ ಸೇರಿಸಿದ. ಇನ್ವರ್ಟರು ಅಷ್ಟು ಭಾರ ಹೊರಲಿಲ್ಲ. ಅದರಿಂದ ಅಡುಗೆಮನೆಯ ತಂತಿ ಬಿಡಿಸಿದ.

ಕರೆಂಟು ಹೋದ ಸಂಜೆಗಳಲ್ಲಿ ಅವನ ಹೆಂಡತಿ ಮೇಣದಬತ್ತಿ ಹಿಡಿದು ಸಾರಿಗೆ ಉಪ್ಪು ಹುಡುಕುತ್ತಿದ್ದಳು. ಹವಳಗಳಿಗೆ ನಡುಹಗಲು.

“ಒಲೆಯನ್ನು ಆ ತೊಟ್ಟಿಯ ಪಕ್ಕಕ್ಕೇ ತಂದುಬಿಡಲೇನ್ರೀ?” ಎಂದು ಕೇಳಿದಳು.

“ನೆಂಟರ ಮುಂದೆ ಹೊಗೆ ಹಾಕಬೇಡ” ಎಂದ ವ್ಯಾಪಾರಿ.

ಕಂದು ಹವಳಗಳು ಕೆಲವೇ ದಿನಗಳಲ್ಲಿ ಅಚ್ಚ ಬಿಳಿಯಾದವು. ವ್ಯಾಪಾರಿ ಬಂಧುಬಳಗವನ್ನೆಲ್ಲ ಕರೆದು ತೋರಿಸಿದ. “ನೋಡಿ, ಉಪಚಾರ ಹೇಗೆ ಮೈಗೆ ಹತ್ತಿದೆ!”

ಅವನ ಸೋದರತ್ತೆ ಕನ್ನಡಕ ಏರಿಸಿ ನೋಡಿದಳು. “ಎಷ್ಟು ಬೆಳ್ಳಗಾಗಿವೆಯೋ! ನಮ್ಮ ಹುಡುಗಿಯನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ. ಒಂದು ವಾರ ಈ ದೀಪದಡಿ ಕೂರಿಸಲಾ?”

ಮೆಚ್ಚಿಕೊಳ್ಳಲಿ ಎಂದು ಹವಳ ಮಾರಿದವಳನ್ನೂ ಕರೆಸಿದ್ದ. ಅವಳು ಒಳಗೆ ಬಂದವಳೇ ಗುಂಡಿಗೆ ಕೈ ಹಾಕಿದಳು.

“ಆ ಬಣ್ಣ ಹವಳದ್ದಲ್ಲ ಅಣ್ಣಾ, ಅದರ ಮೈಯೊಳಗೆ ಬಾಡಿಗೆಗಿದ್ದ ಸಣ್ಣ ಪಾಚಿಗಳದ್ದು. ಹವಳಕ್ಕೆ ದಿನಾ ಅಡುಗೆ ಮಾಡಿ ಹಾಕುತ್ತಿದ್ದದ್ದೂ ಅವೇ. ನಿಮ್ಮ ಉಪಚಾರ ತಾಳಲಾರದೆ ಮನೆ ಖಾಲಿ ಮಾಡಿಕೊಂಡು ಹೋಗಿವೆ. ಇವು ಬೆಳ್ಳಗಾಗಿಲ್ಲ. ಉಪವಾಸ ಬಿದ್ದಿವೆ.”

ಗುರುಗಳು ಕತೆ ನಿಲ್ಲಿಸಿದರು.

ಮುಕ್ಕಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. “ಎಂಥ ಪೆದ್ದ ಗುರುಗಳೇ ಆ ವ್ಯಾಪಾರಿ! ಸಾಯುತ್ತಿರುವುದನ್ನು ನೋಡಿ ಬಳಗ ಕರೆದನಲ್ಲ! ಅದಿರಲಿ, ನನ್ನ ತರಗತಿಯ ವಿಷಯ ಏನು ಮಾಡಿದಿರಿ?”

“ನಿನ್ನ ತರಗತಿಯಲ್ಲಿ ಕೊನೆಯ ಪ್ರಶ್ನೆ ಕೇಳಿದ ಮಗು ಯಾವುದು, ಮುಕ್ಕಣ್ಣ?” ಎಂದರು ಗುರುಗಳು.

ಮುಕ್ಕಣ್ಣ ಒಂದೊಂದೇ ಮುಖ ನೆನೆದು ನೋಡಿದ. ಕೊನೆಯ ಮುಖದವರೆಗೂ ಹೋಗಿ ಮತ್ತೆ ಮೊದಲಿನಿಂದ ಶುರುಮಾಡಿದ. ತರಗತಿಯಲ್ಲಿದ್ದ ಮಕ್ಕಳು ಇಪ್ಪತ್ತಾರು.