ಕಲ್ಲಿನ ಕಪ್ಪುಮುಖ

“ಹನ್ನೊಂದು ವರ್ಷ ಓಲೆಗರಿ ತಿದ್ದಿದೆ, ಬುದ್ಧಿ. ಇವತ್ತು ನಾನು ಹೊರಟುಹೋದರೆ ಈ ಮಠದಲ್ಲಿ ನನ್ನ ಗುರುತು ಏನು ಉಳಿಯುತ್ತದೆ?”

ಶಿಷ್ಯ ಮರಿದೇವಯ್ಯ ಕೇಳಿಯೇಬಿಟ್ಟ. ಹೊಸ ಗ್ರಂಥಾಲಯದ ಕಲ್ಲುಹಲಗೆಯಲ್ಲಿ ದಾನಿಗಳ ಹೆಸರೆಲ್ಲ ಇತ್ತು, ಅವನದು ಇರಲಿಲ್ಲ. ಅದು ಅವನಿಗೆ ನುಂಗಲಾರದ ತುತ್ತಾಗಿತ್ತು. ಗಂಟುಮೂಟೆ ಕಟ್ಟಿಕೊಂಡೇ ಬಂದಿದ್ದ. ಗುರುಗಳು ಅವನನ್ನು ಕೂರಿಸಿಕೊಂಡು ಕತೆ ಹೇಳಿದರು.

ಭೂಮಿಯ ದಕ್ಷಿಣದ ತುದಿಯಲ್ಲಿ ಮಳೆಯನ್ನೇ ಕಾಣದ, ಕೊರೆಯುವ ಚಳಿಯ ಒಂದು ಕಣಿವೆ. ಹಿಂದೆ ಹಿಮನದಿಗಳು ತಂದು ಸುರಿದ ಕಲ್ಲುಮಣ್ಣಿನ ದಿಬ್ಬಗಳು ಅಲ್ಲಿ ಸಾಲಾಗಿವೆ. ಯಾವ ದಿಬ್ಬ ಎಷ್ಟು ಹಳೆಯದೆಂದು ತಿಳಿಯಲು ಒಬ್ಬ ಮಣ್ಣು ಪರೀಕ್ಷಕ ಜೊತೆಗಾರನೊಬ್ಬನನ್ನು ಕರೆದುಕೊಂಡು ಹೋದ. ದಿಬ್ಬ ಹಳೆಯದಾದಷ್ಟೂ ಅದರೊಳಗಿನ ಉಪ್ಪಿನ ಪದರ ದಪ್ಪ. ಎಲ್ಲಕ್ಕಿಂತ ಹಳೆಯದೆಂದು ನಂಬಿದ್ದ ದಿಬ್ಬವನ್ನು ಅಗೆದರೆ ಪದರವೇ ಇಲ್ಲ. ಎರಡು ವಾರ ತಲೆ ಕೆಡಿಸಿಕೊಂಡ. ಆಮೇಲೆ ಸುತ್ತಲಿನ ಕಲ್ಲುಗಳನ್ನು ನೋಡಿದ. ಅಲ್ಲಿನ ಕಲ್ಲಿಗೆ ಗಾಳಿಬಿಸಿಲು ತಾಗುವ ಮುಖ ಕಪ್ಪು, ನೆಲಕ್ಕಂಟಿದ ಮುಖ ಉಪ್ಪು ಹತ್ತಿ ಬಿಳುಪು. ಅವನು ಅಗೆದ ಜಾಗದಲ್ಲಿ ಮಾತ್ರ ಬಿಳುಪು ಮೇಲಿತ್ತು. ಹಿಂದೆಂದೋ ಯಾರೋ ಅಗೆದು, ಉಪ್ಪನ್ನೂ ಮಣ್ಣನ್ನೂ ಕಲಸಿ, ಹೇಗೆಂದರೆ ಹಾಗೆ ಮುಚ್ಚಿ ಹೋಗಿದ್ದರು.

ಪರೀಕ್ಷಕ ಹಲ್ಲು ಕಚ್ಚಿ ಅದೇ ದಿಬ್ಬದ ಇನ್ನೊಂದು ಕಡೆ ಅಗೆದ. ಗೇಣುದ್ದ ಉಪ್ಪು ಸಿಕ್ಕಿತು. ಇನ್ನೊಂದೇ ದಿಬ್ಬ ಬಾಕಿ. ಅವನಿಗೆ ಹೆಸರು ಬರಬೇಕಿದ್ದದ್ದು ಅದರಿಂದಲೇ. ಅಷ್ಟರಲ್ಲಿ ಗಾಳಿ ಎದ್ದಿತು. ಸಂಜೆ ಬರಬೇಕಿದ್ದ ಹೆಲಿಕಾಪ್ಟರ್ ಮಧ್ಯಾಹ್ನಕ್ಕೇ ಬರುತ್ತದೆಂದು ಸುದ್ದಿ ಬಂತು.

“ಗುಂಡಿಗೆ ಒಂದಿಷ್ಟು ಮಣ್ಣೆಳೆದು ಬನ್ನಿ, ಅದನ್ನೂ ಅಗೆದುಬಿಡೋಣ. ಇಲ್ಲಿ ಯಾರು ಬಂದು ನೋಡ್ತಾರೆ?” ಎಂದ ಜೊತೆಗಾರ.

“ನಾನು ಬಂದು ನೋಡಿದೆನಲ್ಲ,” ಎಂದ ಪರೀಕ್ಷಕ.

ಅಗೆಯುವಾಗ ಬೇರೆ ಬೇರೆ ತಾಡಪಾಲುಗಳ ಮೇಲೆ ಹರವಿಟ್ಟಿದ್ದ ಮಣ್ಣಿನ ಪದರಗಳನ್ನು, ಕೊನೆಗೆ ತೆಗೆದದ್ದು ಮೊದಲಾಗಿ, ಗುಂಡಿಗೆ ತುಂಬಿದ. ಬೆರಳು ಮರಗಟ್ಟಿದರೂ ಬಿಡದೆ ಒಂದೊಂದೇ ಕಲ್ಲನ್ನು ಕಪ್ಪುಮುಖ ಮೇಲಾಗುವಂತೆ ಕೂರಿಸಿದ. ಅಷ್ಟರಲ್ಲಿ ಹೆಲಿಕಾಪ್ಟರ್ ಬಂದಿಳಿಯಿತು. ಬಾಕಿ ಉಳಿದ ದಿಬ್ಬವನ್ನು ಮರುವರ್ಷ ಇನ್ನೊಬ್ಬ ಅಗೆದ, ಹೆಸರೂ ಅವನ ಪಾಲಾಯಿತು.

ಮರಿದೇವಯ್ಯ ಕೇಳಿದ: “ಹಾಗಾದರೆ ಆ ಬಡಪಾಯಿಯ ಗುರುತು ಅಲ್ಲಿ ಏನೂ ಉಳಿಯಲಿಲ್ಲವೆ, ಬುದ್ಧಿ?”

“ಇಲ್ಲ,” ಎಂದರು ಗುರುಗಳು. “ಆ ದಿಬ್ಬದ ಮೇಲೆ ಗುರುತು ಬಿಟ್ಟುಹೋದವನು, ಹಿಂದೆ ಅಗೆದು ಕಲ್ಲು ಮಗುಚಿಟ್ಟವನೊಬ್ಬನೇ.”